ಆ ಕೆಂಪು ಬಲ್ಬು ಇಳಿಸು

ಚಿ. ಪುಟ್ಟಿಗೆ ಅಪ್ಪನ ಆಶೀರ್ವಾದ.

ನೀನು ಕಳಿಸಿದ ಫೋಟೋವನ್ನು ಅಮ್ಮ ಬೆರಳಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದಳು. ನಿನ್ನ ಆಸ್ಟಿನ್ ಮನೆಯ ಹಿತ್ತಿಲು, ಹಲಗೆಯ ಗೂಡು, ಅದರೊಳಗೆ ಒರಳುಕಲ್ಲಿನ ಹಾಗೆ ಕೂತ ಆಮೆ. ‘ಇದಕ್ಕೂ ಒಂದು ಕೊಟ್ಟಿಗೆಯಾ!’ ಎಂದು ನಕ್ಕಳು. ನಮ್ಮಲ್ಲಿ ನಕ್ಷತ್ರ ಆಮೆಯನ್ನು ಮನೆಯಲ್ಲಿಟ್ಟುಕೊಂಡರೆ 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಅಲ್ಲಿ ಅಂಗೈಯಗಲದ ಸುಲ್ಕಾಟಾ ಆಮೆಯ ಮರಿ ತಂದವರು ಅದು ನಲವತ್ತು ಕೆಜಿ ದಾಟಿದಾಗ ಸಾಕಲಾರದೆ ಕೈಬಿಡುತ್ತಾರೆ. ಅಂಥದ್ದಕ್ಕೆ ನೀನು ಜಾಗ ಕೊಟ್ಟೆ, ಸಂತೋಷ. ನನ್ನ ಕಣ್ಣು ಮಾತ್ರ ಅದರ ನೆತ್ತಿಯ ಮೇಲೆ ತೂಗುತ್ತಿದ್ದ, ಕಾವು ಕೊಡುವ ಕೆಂಪು ಬಲ್ಬಿನಲ್ಲೇ ನಿಂತಿತು. ಕೆಳಗೆ ಒಣಹುಲ್ಲು ಬೇರೆ.

ಯಾಕೆಂದು ಹೇಳುತ್ತೇನೆ. ನಿನಗಾಗ ನಾಲ್ಕು ವರ್ಷ. ಪುಷ್ಯಮಾಸ, ಮೂಡಿಗೆರೆಯ ಚಳಿ. ನೂರು ಕೋಳಿಮರಿ ತಂದು, ಕೊಟ್ಟಿಗೆಯ ಮೂಲೆಯಲ್ಲಿ ಭತ್ತದ ಹೊಟ್ಟು ಹರಡಿ, 200 ವ್ಯಾಟಿನ ಬಲ್ಬನ್ನು ಸೆಣಬಿನ ಹುರಿಯಲ್ಲಿ ಇಳಿಬಿಟ್ಟಿದ್ದೆ. ‘ತಂತೀಲಿ ಕಟ್ಟೋ’ ಎಂದಳು ನಿನ್ನ ಅಜ್ಜಿ. ನಾಳೆ ನೋಡೋಣ ಎಂದೆ. ಇಲಿ ಕಡಿಯಿತೋ, ಬಿಸಿಗೆ ಹುರಿಯೇ ಸವೆಯಿತೋ, ಬೆಳಗಿನ ಜಾವ ಹಸು ಕೂಗಿದ್ದಕ್ಕೆ ಎಚ್ಚರವಾಯಿತು. ಹೊಟ್ಟು ಧಗಧಗ ಉರಿಯುವುದಿಲ್ಲ, ಒಳಗೊಳಗೇ ಬೇಯುತ್ತದೆ. ಹಸು, ಕರು ಬಿಚ್ಚಿ ಹೊರಗಟ್ಟಿದೆ. ಮರಿಗಳು ಒಂದೂ ಉಳಿಯಲಿಲ್ಲ, ಹೊಗೆಗೇ ಸತ್ತಿದ್ದವು. ಊರವರಿಗೆಲ್ಲ ಶಾರ್ಟ್ ಸರ್ಕ್ಯೂಟ್ ಎಂದು ಹೇಳಿಕೊಂಡು ತಿರುಗಿದೆ. ಅಮ್ಮನಿಗೂ ಹಾಗೇ ಹೇಳಿದ್ದೆ.

ಆದ್ದರಿಂದ ಮಗಳೇ, ಆ ಬಲ್ಬು ಇಳಿಸು. ಬೆಂಕಿಯ ಭಯ ಒಂದೇ ಅಲ್ಲ. ದೊಡ್ಡ ಆಮೆಗೆ ಮೇಲಿಂದ ಕಾವು ಬಿದ್ದರೆ ಚಿಪ್ಪಿನ ನೆತ್ತಿ ಸುಡುತ್ತದೆ, ಹೊಟ್ಟೆ ಥಂಡಿಯಾಗಿಯೇ ಇರುತ್ತದೆ. ಎಣ್ಣೆ ತುಂಬಿದ ರೇಡಿಯೇಟರ್ ಹೀಟರ್ ಇಡು, ಅದು ಗೂಡಿನ ಗಾಳಿಯನ್ನೇ ಬೆಚ್ಚಗೆ ಮಾಡುತ್ತದೆ. ಅದರ ಮುಂದೆ ದಪ್ಪ ಮರದ ಅಡ್ಡಪಟ್ಟಿ ಬಡಿ. ನಿನ್ನ ಆಮೆ ದಾರಿಗಡ್ಡ ಬಂದದ್ದನ್ನು ಬಳಸಿ ಹೋಗುವ ಪೈಕಿಯಲ್ಲ. ಹುಲ್ಲು ಆ ಕಡೆ ಸುಳಿಯಬಾರದು. ಥರ್ಮೋಸ್ಟಾಟಿನ ತುದಿ ಚಿಪ್ಪಿನ ಎತ್ತರದಲ್ಲಿರಲಿ. ನಿಮ್ಮ ಫ್ಯಾರನ್‌ಹೀಟ್ ಲೆಕ್ಕದಲ್ಲಿ 80, ನನ್ನ ಸೆಲ್ಸಿಯಸ್ ಲೆಕ್ಕದಲ್ಲಿ 27 ಡಿಗ್ರಿ ಕಾವಿರಲಿ. ಸಹಾರಾದ ದಕ್ಷಿಣದ ಸಾಹೆಲ್ ಸೀಮೆಯ ಪ್ರಾಣಿ ಅದು, ಚಳಿಗಾಲ ಪೂರ್ತಿ ನಿದ್ದೆ ಹೊಡೆಯುವ ಜಾತಿಯದಲ್ಲ. ಗೋಡೆಗೆ ಥರ್ಮೋಕೋಲ್ ಹಾಕಿದರೆ ಮೇಲೆ ಪ್ಲೈವುಡ್ ಹೊದಿಸು, ಇಲ್ಲವಾದರೆ ಅದನ್ನೂ ಮೇಯ್ದೀತು. ಮನೆಯೊಳಗಿನ ಎಕ್ಸ್‌ಟೆನ್ಷನ್ ವಯರನ್ನು ಹಿತ್ತಿಲಿಗೆ ಎಳೆಯಬೇಡ. ಎಲೆಕ್ಟ್ರೀಷಿಯನ್ ಕರೆಸಿ, ನೆಲ ತೇವವಾದರೂ ಶಾಕ್ ಹೊಡೆಯದ ಹಾಗೆ ತಾನೇ ಟ್ರಿಪ್ ಆಗುವ ಪಾಯಿಂಟ್ ಹಾಕಿಸು. ಹೊಗೆ ಕಂಡರೆ ಕೂಗುವ ಅಲಾರಂ ಕೂಡ ಒಂದಿರಲಿ.

2021ರ ಫೆಬ್ರವರಿ ನೆನಪಿದೆಯಲ್ಲ? ಟೆಕ್ಸಾಸಿನಲ್ಲಿ ಕರೆಂಟು ಹೋಗಿ ಮೂರು ಸ್ವೆಟರ್ ಹಾಕಿಕೊಂಡು ನಮಗೆ ಫೋನು ಮಾಡಿದ್ದೆ. ಮತ್ತೆ ಹಾಗಾದರೆ ಗೂಡಿನಲ್ಲಿ ಇದ್ದಿಲು, ಗ್ಯಾಸಿನ ಒಲೆ ಇಡುವ ಸಾಹಸ ಬೇಡ, ಅದರ ಗಾಳಿಯೇ ವಿಷ. ಇಬ್ಬರು ಸೇರಿ ಆಮೆಯನ್ನು ಮನೆಯೊಳಗೆ ತನ್ನಿ. ಚಾಪೆ ಹಾಳಾದರೆ ಆಗಲಿ.

ಬಲ್ಬು ಇಳಿಸಿದ ಮೇಲೆ ಇನ್ನೊಂದು ಫೋಟೋ ಕಳಿಸು. ಆಮೆ ದಾಸವಾಳದ ಹೂವು ತಿನ್ನುತ್ತದಾ ಎಂದು ಅಮ್ಮ ಕೇಳುತ್ತಿದ್ದಾಳೆ.

ಇಂತಿ,
ಅಪ್ಪ