ಬೈಕಿಗೆ ಹೊಸ ಬಿಡಿಭಾಗ: ಸ್ಪ್ಯಾನರ್ ಹಿಡಿಯುವ ಮುನ್ನ ತಿಳಿದಿರಬೇಕಾದ ಕಾನೂನು

ಆನ್‌ಲೈನ್‌ನಲ್ಲಿ ಸೈಲೆನ್ಸರ್ ತರಿಸಿ, ಭಾನುವಾರ ಮನೆಯಂಗಳದಲ್ಲೇ ಜೋಡಿಸಿಕೊಳ್ಳುವವರು ಈಗ ಊರೂರಲ್ಲಿದ್ದಾರೆ. ವೆಲ್ಡಿಂಗ್ ಇಲ್ಲ, ಏನನ್ನೂ ಕತ್ತರಿಸಿಲ್ಲ, ನಾಲ್ಕು ಬೋಲ್ಟು ಬಿಗಿದದ್ದಷ್ಟೇ. ಇದು ಮಾಡಿಫಿಕೇಷನ್ ಹೇಗಾದೀತು ಎಂಬುದು ಅವರ ವಾದ. ಸ್ವಂತ ಬೈಕಿನ ಕೆಲಸವನ್ನು ಸ್ವಂತ ಕೈಯಿಂದ ಮಾಡಿಕೊಳ್ಳಲು ಅಡ್ಡಿಯಿಲ್ಲ, ನಿಜ. ಆದರೆ ಯಾರು, ಎಲ್ಲಿ ಜೋಡಿಸಿದರು ಎಂಬುದನ್ನು ಕಾನೂನು ನೋಡುವುದಿಲ್ಲ. ಜೋಡಿಸಿದ ಮೇಲೆ ವಾಹನ ನಿಯಮಕ್ಕೆ ತಕ್ಕಂತಿದೆಯೇ ಎಂಬುದನ್ನು ನೋಡುತ್ತದೆ.

ಕಾಯ್ದೆ ಏನು ಹೇಳುತ್ತದೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52ರ ಪ್ರಕಾರ, ತಯಾರಕರು ಮೂಲದಲ್ಲಿ ನಿಗದಿಪಡಿಸಿ ನೋಂದಣಿ ಪತ್ರದಲ್ಲಿ (ಆರ್‌ಸಿ) ದಾಖಲಾದ ವಿವರಗಳಿಗೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ ಸೆಕ್ಷನ್ 182ಎ(4), ಬಿಡಿಭಾಗ ಜೋಡಿಸಿ ಮಾಡುವ ಬದಲಾವಣೆಯನ್ನೂ ಸ್ಪಷ್ಟವಾಗಿ ಹೆಸರಿಸುತ್ತದೆ. ಕಾಯ್ದೆ ಒಪ್ಪದ ಬದಲಾವಣೆಗೆ ಮಾಲೀಕರಿಗೆ 6 ತಿಂಗಳವರೆಗೆ ಜೈಲು, ಇಲ್ಲವೇ ಪ್ರತಿ ಬದಲಾವಣೆಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಮೂರು ಭಾಗ ಬದಲಿಸಿದ್ದರೆ ದಂಡದ ಲೆಕ್ಕವೂ ಮೂರು ಪಟ್ಟು.

ಶಬ್ದ, ಹೊಗೆ ಅಥವಾ ರಸ್ತೆ ಸುರಕ್ಷತೆಯ ಮಾನದಂಡ ಮೀರಿದ ವಾಹನ ಓಡಿಸಿದರೆ ಸೆಕ್ಷನ್ 190(2) ಅನ್ವಯಿಸುತ್ತದೆ. ಮೊದಲ ತಪ್ಪಿಗೆ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಜೊತೆಗೆ 3 ತಿಂಗಳು ಲೈಸೆನ್ಸ್ ಅನರ್ಹತೆ. ಇದು ಓಡಿಸಿದವರ ಮೇಲೆ ಬೀಳುವ ಹೊಣೆ. ಗೆಳೆಯನ ಬೈಕು ಎಂದರೆ ವಿನಾಯಿತಿ ಸಿಗದು.

ಎಲ್ಲಿ ಎಡವುತ್ತೇವೆ?

• ಸೈಲೆನ್ಸರ್: 2003ರಿಂದ ಜಾರಿಯಾದ ತಯಾರಿಕಾ ಹಂತದ ಶಬ್ದ ಮಿತಿ 80ರಿಂದ 175 ಸಿಸಿ ಬೈಕಿಗೆ 77 ಡೆಸಿಬಲ್, ಅದಕ್ಕಿಂತ ದೊಡ್ಡದಕ್ಕೆ 80. ಕರ್ನಾಟಕದ ಹಲವು ನಗರಗಳಲ್ಲಿ ಪೊಲೀಸರು ಕರ್ಕಶ ಸೈಲೆನ್ಸರ್‌ಗಳನ್ನು ರೋಡ್ ರೋಲರ್ ಹತ್ತಿಸಿ ಪುಡಿ ಮಾಡಿದ್ದಾರೆ.

• ಹಾರ್ನ್: ಹಲವು ಸ್ವರದ, ಕಿವಿಗಡಚಿಕ್ಕುವ ಹಾರ್ನ್‌ಗೆ ಕೇಂದ್ರ ಮೋಟಾರು ವಾಹನ ನಿಯಮ 119ರ ನಿಷೇಧವಿದೆ.

• ಸೀರೆ ಗಾರ್ಡ್: ಅಂದಗೆಡುತ್ತದೆ ಎಂದು ಮೊದಲು ಬಿಚ್ಚುವುದು ಇದನ್ನೇ. ಹಿಂಬದಿ ಸವಾರರ ಬಟ್ಟೆ ಸಿಕ್ಕಿಕೊಳ್ಳದಂತೆ ಹಿಂಚಕ್ರದ ಅರ್ಧದಷ್ಟಾದರೂ ಮುಚ್ಚಿರಬೇಕು, ಹಿಡಿಕೆ ಮತ್ತು ಫುಟ್‌ರೆಸ್ಟ್ ಇರಬೇಕು ಎನ್ನುತ್ತದೆ ನಿಯಮ 123.

• ನಂಬರ್ ಪ್ಲೇಟ್: ಹಿಂಬದಿಯ ಮಡ್‌ಗಾರ್ಡ್ ತೆಗೆದು ಚಿಕ್ಕ ಕಿಟ್ ಹಾಕುವಾಗ ಅತಿ ಸುರಕ್ಷಿತ ನೋಂದಣಿ (ಎಚ್‌ಎಸ್‌ಆರ್‌ಪಿ) ಫಲಕದ ಸ್ನ್ಯಾಪ್ ಲಾಕ್ ಮುರಿಯುತ್ತದೆ. ಅದನ್ನು ಮತ್ತೆ ಬಳಸಲಾಗದು. ಮಾಮೂಲಿ ಸ್ಕ್ರೂ ಹಾಕಿಕೊಳ್ಳುವುದು ಪರಿಹಾರವಲ್ಲ.

• ದೀಪ: ಮುಂದಕ್ಕೆ ಕೆಂಪು ಬೆಳಕು ಬೀರುವಂತಿಲ್ಲ. ಎದುರಿನವರ ಕಣ್ಣು ಕುಕ್ಕುವ ದೀಪವೂ ನಿಯಮಬಾಹಿರ.

ಮೊಬೈಲ್ ಹೋಲ್ಡರ್, ಸೀಟ್ ಕವರ್, ಟ್ಯಾಂಕ್ ಪ್ಯಾಡ್‌ನಂಥವು ವಾಹನದ ಮೂಲ ಸ್ವರೂಪ ಬದಲಿಸುವುದಿಲ್ಲ, ಇವುಗಳಿಂದ ತೊಂದರೆಯಿಲ್ಲ. ಬಣ್ಣ ಆರ್‌ಸಿಯಲ್ಲಿ ನಮೂದಾಗಿರುವುದರಿಂದ ಅದನ್ನು ಬದಲಿಸಲು ಆರ್‌ಟಿಒ ಕಚೇರಿಗೆ ಅರ್ಜಿ ಬೇಕು. ಅಂಗವಿಕಲರು ತಮ್ಮ ವಾಹನವನ್ನು ನಿಗದಿತ ಷರತ್ತುಗಳಿಗೆ ಒಳಪಟ್ಟು ಅನುಕೂಲಕ್ಕೆ ತಕ್ಕಂತೆ ಮಾರ್ಪಡಿಸಿಕೊಳ್ಳಲು ಸೆಕ್ಷನ್ 52 ಅವಕಾಶ ಕೊಟ್ಟಿದೆ.

ನಿಮ್ಮ ಹಕ್ಕುಗಳು

ತಡೆದು ಕೇಳಿದಾಗ ಡಿಜಿಲಾಕರ್‌ನಲ್ಲಿರುವ ದಾಖಲೆ ತೋರಿಸಿದರೆ ಸಾಕು. ದಂಡ ಕಟ್ಟಿದರೆ ರಸೀದಿ ಪಡೆಯಿರಿ. ತಪ್ಪು ಮಾಡಿಲ್ಲ ಎನಿಸಿದರೆ ದಂಡವನ್ನು ಪ್ರಶ್ನಿಸಬಹುದು. ವಾಹನ ಅಪಾಯಕಾರಿ ಅಥವಾ ನಿಯಮಬಾಹಿರ ಎಂದು ಆರ್‌ಸಿ ಅಮಾನತುಗೊಳಿಸುವ ಮೊದಲು ನೋಂದಣಿ ಪ್ರಾಧಿಕಾರವು ಸೆಕ್ಷನ್ 53ರಡಿ ನೋಟಿಸ್ ಕೊಟ್ಟು ನಿಮ್ಮ ಮಾತು ಕೇಳಬೇಕು, ಕಾರಣವನ್ನು ಬರವಣಿಗೆಯಲ್ಲಿ ದಾಖಲಿಸಬೇಕು. ಆ ಆದೇಶದ ವಿರುದ್ಧ ಸೆಕ್ಷನ್ 57ರಡಿ 30 ದಿನಗಳಲ್ಲಿ ಮೇಲ್ಮನವಿ ಸಲ್ಲಿಸಬಹುದು.

ಮಾರಾಟಗಾರರೂ ಹೊಣೆಯಿಂದ ಪಾರಾಗುವುದಿಲ್ಲ. ಕಳಪೆ ಭಾಗ ಕೊಟ್ಟಿದ್ದರೆ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರಡಿ 2 ವರ್ಷದೊಳಗೆ, ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಮೊದಲ ಹೆಜ್ಜೆಯಾಗಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಇದಕ್ಕೆಲ್ಲ ಆಧಾರ ಬಿಲ್ಲು. ಬಿಲ್ಲಿಲ್ಲದೆ ಅಗ್ಗಕ್ಕೆ ಕೊಂಡರೆ ದೂರು ಸಾಬೀತುಪಡಿಸುವುದು ಕಷ್ಟ.

ವಿಮೆಯನ್ನು ಮರೆಯಬೇಡಿ. ಹೊರಗಿನಿಂದ ಹಾಕಿಸಿದ ವಿದ್ಯುತ್ ಉಪಕರಣಗಳನ್ನು ವಿಮಾ ಕಂಪನಿಗೆ ತಿಳಿಸಿ, ಹೆಚ್ಚುವರಿ ಪ್ರೀಮಿಯಂ ಕಟ್ಟಿದರೆ ಮಾತ್ರ ಅವುಗಳ ನಷ್ಟಕ್ಕೆ ಪರಿಹಾರ. ವೈರಿಂಗ್ ಕತ್ತರಿಸಿದರೆ ಕಂಪನಿ ವಾರಂಟಿಗೂ ತಕರಾರು ಬರಬಹುದು.

‘ಎಲ್ಲರೂ ಹಾಕಿಸುತ್ತಾರೆ, ಏನೂ ಆಗಲ್ಲ’ ಎಂಬ ಅಂಗಡಿಯವರ ಮಾತು ನ್ಯಾಯಾಲಯದಲ್ಲಿ ನಿಲ್ಲುವುದಿಲ್ಲ. ದುಡ್ಡು ಕೊಡುವ ಮೊದಲು ಆರ್‌ಸಿ ನೋಡಿ, ಸಂದೇಹವಿದ್ದರೆ ಆರ್‌ಟಿಒ ಕಚೇರಿಗೆ ಲಿಖಿತವಾಗಿ ಕೇಳಿ, ಬಿಚ್ಚಿದ ಮೂಲ ಭಾಗವನ್ನು ಗುಜರಿಗೆ ಹಾಕದೆ ಜೋಪಾನವಾಗಿಡಿ.