ಬೀಜದ ಕಾಯಿ ಸಂತೆಗೆ ಹೋಗಬಾರದು

ವಾಕ್ಯಭಾಗ: 1 ಅರಸುಗಳು 21:1-19, ಆದಿಕಾಂಡ 25:29-34

ನಾಬೋತನ ಕಥೆಯನ್ನು ಸಂಡೇ ಸ್ಕೂಲಿನಿಂದಲೂ ಕೇಳಿದ್ದೀರಿ. ಆದರೆ ಅಹಾಬನಿಗೆ ಆ ದ್ರಾಕ್ಷಿತೋಟ ಯಾಕೆ ಬೇಕಿತ್ತು? ಎರಡನೇ ವಚನ ನೋಡಿ. ಕಾಯಿಪಲ್ಯ ಬೆಳೆಯೋದಕ್ಕೆ! ಇದಕ್ಕಿಂತ ಒಳ್ಳೇ ತೋಟ ಕೊಡ್ತೀನಿ, ಬೇಡಾಂದ್ರೆ ಹಣ ಕೊಡ್ತೀನಿ ಅಂದ. ಮೇಲ್ನೋಟಕ್ಕೆ ಸರಿಯಾದ ವ್ಯಾಪಾರವೇ. ಆದರೂ ನಾಬೋತ ಒಪ್ಪಲಿಲ್ಲ.

ಇದನ್ನು ಅರ್ಥ ಮಾಡಿಕೊಳ್ಳಲು ನಾನು ನಿಮ್ಮನ್ನು ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಕಡೆಗೆ ಕರಕೊಂಡು ಹೋಗ್ತೀನಿ. ಬಯಲು ಸೀಮೆ, ಮಳೆ ಕಡಿಮೆ. ಚಳ್ಳಕೆರೆ, ಮೊಳಕಾಲ್ಮುರು ಅಂದರೆ ಶೇಂಗಾ. ಅಂಥ ಕಡೆ ಎರಡು ಎಕರೆ ಇರುವ ಒಂದು ಮನೆ ಅಂತ ಇಟ್ಟುಕೊಳ್ಳಿ. ಅಂಗಡಿಯಲ್ಲಿ ಸುಲಭವಾಗಿ ಸಿಗದ ನಾಟಿ ತರಕಾರಿ ಬೆಳೀತಾರೆ. ಕೆಂಪು ಬೆಂಡೆ, ರೆಕ್ಕೆ ಅವರೆ, ಮಡಹಾಗಲ. ಇವತ್ತು ಬೆಂಗಳೂರಿನ ರೈತ ಸಂತೆಗಳಲ್ಲಿ ಇಂಥದ್ದನ್ನು ಹುಡುಕಿಕೊಂಡು ಬರೋರಿದ್ದಾರೆ. ಸಹಜ ಸಮೃದ್ಧದಂಥ ಸಂಸ್ಥೆಗಳು ನಾಟಿ ಬೀಜ ಉಳಿಸಲು ಮೇಳಗಳನ್ನೇ ನಡೆಸುತ್ತವೆ.

ಈ ತರಕಾರಿ ಬೆಳೆಯುವವರು ಒಂದು ಕೆಲಸ ಮಾಡಲೇಬೇಕು. ಒಳ್ಳೇ ಗಿಡ ಆರಿಸಿ, ಅದರ ಒಳ್ಳೇ ಕಾಯನ್ನು ಕೀಳದೆ ಬಿಡಬೇಕು. ಬೆಂಡೆ ಎಳೆಯದಾಗಿದ್ದರೆ ಮಾತ್ರ ಸಾರಿಗೆ ಆಗುತ್ತೆ. ಗಿಡದಲ್ಲೇ ಬಲಿತು ಒಣಗಿದರೆ ಅದು ಬೀಜದ ಕಾಯಿ. ಆಮೇಲೆ ಅದನ್ನು ಸಂತೆಯಲ್ಲಿ ಯಾರೂ ಕೇಳಲ್ಲ. ಅಂದರೆ ಇವತ್ತು ದುಡ್ಡಾಗುವ ಕಾಯನ್ನು ಬೇಕೆಂದೇ ಬಿಟ್ಟುಕೊಡಬೇಕು. ಸಾಲದ ಕಂತು ಇದೆ, ಮಕ್ಕಳ ಫೀಸು ಇದೆ ಅಂತ ಎಲ್ಲವನ್ನೂ ಕಿತ್ತು ಮಾರಿದರೆ? ಆ ವಾರ ಬುಟ್ಟಿ ತುಂಬುತ್ತೆ. ಮುಂದಿನ ವರ್ಷ ಬಿತ್ತೋದಕ್ಕೆ ಬೀಜ ಇರಲ್ಲ. ಹೈಬ್ರಿಡ್ ಆದರೆ ಪ್ರತಿ ಸಲ ಪ್ಯಾಕೆಟ್ ಕೊಳ್ಳಬಹುದು. ಈ ನಾಟಿ ತಳಿ ಹೋದರೆ ಎಲ್ಲಿ ಕೊಳ್ತೀರಿ?

ಬುಟ್ಟಿ ಮಾರಬಹುದು, ಬೀಜ ಮಾರಬಾರದು. ಇದೇ ನಾಬೋತನ ಉತ್ತರ. ಅವನು ವ್ಯಾಪಾರದ ವಿರೋಧಿ ಅಲ್ಲ. ಯಾಜಕಕಾಂಡ 25:23ರ ಪ್ರಕಾರ ಭೂಮಿ ಯೆಹೋವನದು. ಪಿತೃಗಳಿಂದ ಬಂದ ಸ್ವಾಸ್ಥ್ಯವನ್ನು ಮುಂದಿನವರಿಗೆ ದಾಟಿಸಬೇಕಾದವನು ತಾನು ಅಂತ ಅವನಿಗೆ ಗೊತ್ತಿತ್ತು. ಏಸಾವನನ್ನು ನೋಡಿ. ಹಸಿವು ನಿಜ, ಎದುರಿಗೆ ಬಿಸಿ ಊಟ. ಚೊಚ್ಚಲತನವನ್ನೇ ಕೊಟ್ಟುಬಿಟ್ಟ. ಬೀಜದ ಕಾಯನ್ನು ಸಾರು ಮಾಡಿ ಉಂಡವನು ಏಸಾವ!

ಯೌವನಸ್ಥರೇ, ನಿಮ್ಮ ಸಂತೆ ಯಾವುದು? ನಿಮ್ಮ ಆಫೀಸು, ನಿಮ್ಮ ಇಂಟರ್ವ್ಯೂ. ಅಲ್ಲಿ ನಿಮ್ಮ ಶ್ರಮ, ಕಲಿತ ವಿದ್ಯೆ, ಸಮಯ ಎಲ್ಲವನ್ನೂ ಧೈರ್ಯವಾಗಿ ಮಾರಿ. ತಪ್ಪಿಲ್ಲ. ಆದರೆ ನಕಲಿ ಅನುಭವ ಪತ್ರ ಇಟ್ಟರೆ ಕೆಲಸ ಸಿಗುತ್ತೆ ಅಂತ ಒಬ್ಬ ಏಜೆಂಟ್ ಹೇಳ್ತಾನೆ. ಎಲ್ಲರೂ ಮಾಡ್ತಾರೆ ಬ್ರದರ್ ಅಂತಾನೆ. ಊರಲ್ಲಿ ಅಪ್ಪನ ಸಾಲ ಇದೆ, ಪಿ.ಜಿ. ಬಾಡಿಗೆ ಬಾಕಿ ಇದೆ. ಅದೇ ಬೀಜದ ಕಾಯಿ ಪ್ರಿಯರೇ! ಅವನು ಕೇಳ್ತಿರೋದು ಒಂದು ಕಾಗದ ಅಲ್ಲ, ನಿಮ್ಮ ಸತ್ಯ.

ಆ ಸಿದ್ದಾಪುರದ ಬಳಿ ಬಂಡೆಯ ಮೇಲೆ ಅಶೋಕನ ಶಾಸನ ಇದೆ. 1892ರಲ್ಲಿ ಬಿ. ಎಲ್. ರೈಸ್ ಅವರು ಪತ್ತೆ ಹಚ್ಚಿದ್ದು. ತಂದೆತಾಯಿಗೆ ವಿಧೇಯರಾಗಬೇಕು, ಸತ್ಯ ಹೇಳಬೇಕು ಅನ್ನೋದು ಅಲ್ಲಿರುವ ಬೋಧನೆ. ಎರಡು ಸಾವಿರ ವರ್ಷಕ್ಕಿಂತ ಹಳೆಯದು. ಬಂಡೆಗೇ ಇಷ್ಟು ನೆನಪಿದ್ದರೆ, ಪವಿತ್ರಾತ್ಮನು ಹೃದಯದಲ್ಲಿ ಬರೆದದ್ದು ನಮಗೆ ನೆನಪಿರಬೇಡವಾ?

ಇನ್ನೊಂದು ಮಾತು. ಕೆಂಪು ಬೆಂಡೆ ನೋಡಲು ಚೆಂದ, ಆದರೆ ಬೇಯಿಸಿದರೆ ಕೆಂಪು ಹೋಗಿ ಹಸಿರಾಗುತ್ತೆ. ನಮ್ಮ ಸಾಕ್ಷಿಯೂ ಭಾನುವಾರದ ಬಣ್ಣವಾದರೆ ಸೋಮವಾರದ ಬೆಂಕಿಗೆ ನಿಲ್ಲಲ್ಲ. 1 ಕೊರಿಂಥ 3:13 ಓದಿ. ಪ್ರತಿಯೊಬ್ಬನ ಕೆಲಸವನ್ನೂ ಬೆಂಕಿಯೇ ಪರೀಕ್ಷಿಸುತ್ತದೆ.

ನಿಮಗೆ ಸುಳ್ಳು ಭರವಸೆ ಕೊಡೋದಿಲ್ಲ. ಮಾರದಿದ್ದರೆ ಕರ್ತನು ನಾಳೆಯೇ ದೊಡ್ಡ ಪ್ಯಾಕೇಜ್ ಕೊಡ್ತಾನೆ ಅಂತ ನಾನು ಹೇಳಲ್ಲ. ನಾಬೋತನಿಗೆ ಏನಾಯ್ತು? ಈಜೆಬೆಲಳು ಉಪವಾಸ ಸಾರಿಸಿ, ಭಕ್ತಿಯ ವೇಷದಲ್ಲೇ ಸುಳ್ಳುಸಾಕ್ಷಿ ನಿಲ್ಲಿಸಿ ಅವನನ್ನು ಕಲ್ಲೆಸೆದು ಕೊಲ್ಲಿಸಿದಳು. ಅವನನ್ನು ಬಿಡಿಸಲು ಯಾರೂ ಬರಲಿಲ್ಲ. ಆದರೆ ತೋಟ ವಶಪಡಿಸಿಕೊಳ್ಳಲು ಅಹಾಬ ಇಳಿದುಹೋದಾಗ ಎಲೀಯನು ಎದುರಿಗೆ ನಿಂತಿದ್ದ! ಊರು ಮರೆತ ಲೆಕ್ಕವನ್ನು ಯೆಹೋವನು ಮರೆತಿರಲಿಲ್ಲ. ಹಲ್ಲೆಲೂಯ!

ಈ ವಾರ ಒಂದು ಕೆಲಸ ಮಾಡಿ. ಎಷ್ಟು ಬೆಲೆ ಕೊಟ್ಟರೂ ನಾನು ಮಾರದ ಮೂರು ವಿಷಯ ಯಾವುವು ಅಂತ ಬರೆಯಿರಿ. ಕಷ್ಟ ಬರುವ ಮುಂಚೆಯೇ ಬರೆಯಿರಿ, ಹಸಿದಾಗ ತೀರ್ಮಾನ ಮಾಡಿದವನು ಏಸಾವ. ಸೆಲ್ ಗ್ರೂಪಿನ ಒಬ್ಬರಿಗೆ ತೋರಿಸಿ, ಜೊತೆಯಲ್ಲಿ ಪ್ರಾರ್ಥಿಸಿ. ಅವರ ಬಾಡಿಗೆ ಬಾಕಿ ಇದ್ದರೆ ಬರೀ ಪ್ರಾರ್ಥನೆ ಸಾಲದು, ಕೈಲಾದಷ್ಟು ಸಹಾಯ ಮಾಡಿ.

ಪ್ರಾರ್ಥಿಸೋಣ. ಪರಲೋಕದ ತಂದೆಯೇ, ನಾಶವಾಗದ ಬೀಜವಾದ ನಿನ್ನ ವಾಕ್ಯದಿಂದ ನಮ್ಮನ್ನು ಹುಟ್ಟಿಸಿದ್ದೀ, ಸ್ತೋತ್ರ. ಬೆಲೆ ಕಟ್ಟುವವರ ಮುಂದೆ ಇಲ್ಲ ಅನ್ನುವ ಬಲವನ್ನು ಈ ಮಕ್ಕಳಿಗೆ ಕೊಡು. ಯೇಸುವಿನ ನಾಮದಲ್ಲಿ, ಆಮೆನ್.