ಒಂದು ಯಂತ್ರ, ಅನೇಕರ ಸರದಿ

ಬೋರ್ಡಿಂಗಿನಲ್ಲಿದ್ದು ಓದಿದ ಸಹೋದರಿಯರಿಗೆ ಬಾವಿಕಟ್ಟೆಯ ಜಗಳ ಮರೆತಿರಲಾರದು. ಬಾವಿ ಒಂದು, ಹಗ್ಗ ಒಂದು, ಕೊಡಗಳೋ ಅನೇಕ. ಕೊಡಕ್ಕೊಂದು ಸರದಿಯೆಂದು ನಿಯಮಿಸಿದರೆ ನ್ಯಾಯವಾಯಿತೆಂದು ತೋರುವದು. ಆದರೆ ನಾಲ್ಕು ಕೊಡಗಳನ್ನು ಸಾಲಿನಲ್ಲಿಟ್ಟವಳಿಗೆ ನಾಲ್ಕು ಸರದಿ, ಒಂದೇ ಕೊಡದವಳಿಗೆ ಒಂದೇ. ದೊಡ್ಡ ಗಣಕಯಂತ್ರವೊಂದನ್ನು ಹಲವರು ಹಂಚಿಕೊಳ್ಳುವಲ್ಲಿಯೂ ಇದೇ ತೊಡಕುಂಟು.

ಮೊದಲು ರಂಧ್ರಕಾರ್ಡುಗಳ ಕಟ್ಟನ್ನು ಒಪ್ಪಿಸಿ, ಉತ್ತರಕ್ಕಾಗಿ ಗಂಟೆಗಟ್ಟಲೆ ಕಾದಿರಬೇಕಾಗಿತ್ತು. 1961ರ ನವಂಬರದಲ್ಲಿ ಅಮೇರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಫರ್ನಾಂಡೋ ಕಾರ್ಬಟೋ ಎಂಬವರೂ ಅವರ ಜತೆಗಾರರೂ ಒಂದೇ ಯಂತ್ರದ ವೇಳೆಯನ್ನು ಸಣ್ಣ ತುಣುಕುಗಳಾಗಿ ಹಲವರಿಗೆ ಹಂಚುವ ಏರ್ಪಾಡನ್ನು ಮಾಡಿ ತೋರಿಸಿದರು. ಯಂತ್ರವು ಒಬ್ಬನ ಕೆಲಸವನ್ನು ಕ್ಷಣಕಾಲ ಮಾಡಿ, ಮತ್ತೊಬ್ಬನದಕ್ಕೆ ಹೋಗಿ, ಬೇಗನೆ ತಿರುಗಿ ಬರುವದು. ಆದಕಾರಣ ಯಂತ್ರವೆಲ್ಲಾ ತನ್ನದೇ ಎಂದು ಪ್ರತಿಯೊಬ್ಬನಿಗೂ ತೋರುವದು. ಆದರೂ ತರುವಾಯ ಬಂದ ಅನೇಕ ಏರ್ಪಾಡುಗಳಲ್ಲಿ ಸರದಿಯು ಕೆಲಸಕ್ಕೆ ಸಿಕ್ಕಿತೇ ಹೊರತು ಮನುಷ್ಯನಿಗಲ್ಲ. ಒಂದೇ ಸಲ ಹತ್ತು ಕೆಲಸಗಳನ್ನು ಹೂಡುವ ಜಾಣನು ಹತ್ತು ಪಾಲು ಪಡೆದನು.

ಆಸ್ಟ್ರೇಲಿಯದ ಸಿಡ್ನಿ ವಿಶ್ವವಿದ್ಯಾನಿಲಯದ ಜೂಡಿ ಕೇ ಎಂಬ ವಿದುಷಿಯೂ ಪಿಯರ್ಸ್ ಲಾಡರ್ ಎಂಬವರೂ 1988ರಲ್ಲಿ ಪ್ರಕಟಿಸಿದ ಕ್ರಮವು ಕೊಡಗಳನ್ನು ಬಿಟ್ಟು ಹುಡುಗಿಯರನ್ನು ಎಣಿಸಿತು ಎನ್ನಬಹುದು. ಪ್ರತಿಯೊಬ್ಬರಿಗೂ ಇಂತಿಷ್ಟು ಪಾಲು. ಯಾರು ಎಷ್ಟು ಬಳಸಿದರೆಂಬ ಲೆಕ್ಕವೊಂದು. ತನ್ನ ಪಾಲಿಗೆ ಮೀರಿ ಬಳಸಿದವನು ಹಿಂದೆ ನಿಲ್ಲುವನು, ಕಡಿಮೆ ಬಳಸಿದವನು ಮುಂದೆ ಬರುವನು. ಇದರಲ್ಲಿ ನನಗೆ ಬಹಳ ಮೆಚ್ಚಿಕೆಯಾದದ್ದು ಏನೆಂದರೆ, ಆ ಲೆಕ್ಕವು ಶಾಶ್ವತವಲ್ಲ. ಗೊತ್ತಾದ ಅವಧಿ ಕಳೆದಾಗ 80 ಎಂದಿದ್ದದ್ದು 40 ಆಗುವದು, ಇನ್ನೊಂದು ಅವಧಿಗೆ 20. ಹಿಂದೆ ದುಂದುಮಾಡಿದ ವಿದ್ಯಾರ್ಥಿಯೂ ಕೆಲಕಾಲ ಮಿತವಾಗಿದ್ದರೆ ಪರೀಕ್ಷೆಯ ಹೊತ್ತಿಗೆ ಇತರರ ಸಮಕ್ಕೆ ಬರಬಹುದು. ಈಗ ಅನೇಕ ಮಹಾಗಣಕಗಳಲ್ಲಿ ನಡಿಯುವ ಸ್ಲರ್ಮ್ ಎಂಬ ಏರ್ಪಾಡಿನಲ್ಲಿಯೂ ಈ ಪದ್ಧತಿಯುಂಟು. ಬೇರೆ ಅವಧಿಯನ್ನು ಗೊತ್ತುಮಾಡದಿದ್ದರೆ ಅಲ್ಲಿ 7 ದಿವಸಕ್ಕೆ ಲೆಕ್ಕವು ಅರ್ಧವಾಗುವದು.

ಬೇರೆ ಯಾರೂ ಕಾದಿಲ್ಲದಿರುವಾಗ ಹೆಚ್ಚು ಬಳಸಿದವನಿಗೂ ಸಿಡ್ನಿಯವರ ಕ್ರಮವು ಯಂತ್ರವನ್ನು ಬಿಟ್ಟುಕೊಡುವದು. ಬಾವಿ ಸುಮ್ಮನಿರುವಾಗ ಹಗ್ಗವನ್ನು ಕಟ್ಟಿಹಾಕಿ ಯಾರಿಗೇನು ಲಾಭ? ಬಳಸದೆ ಬಿಟ್ಟ ಯಂತ್ರದ ವೇಳೆಯು ಅರಣ್ಯದ ಮನ್ನದಂತೆ, ಮರುದಿನಕ್ಕೆ ಕೂಡಿಡಲಾಗದು.

ಅಧ್ಯಾಪಕನಿಗೆ ಎಷ್ಟು ಪಾಲು, ಹೊಸದಾಗಿ ಸೇರಿದ ವಿದ್ಯಾರ್ಥಿನಿಗೆ ಎಷ್ಟು ಎಂಬದನ್ನು ಮಾತ್ರ ಯಂತ್ರವು ಗೊತ್ತುಮಾಡದು. ಅದನ್ನು ಮೇಲ್ವಿಚಾರಕರು ಕೂತು ನಿರ್ಣಯಿಸಿ ಬರೆದುಕೊಡಬೇಕು. ಅಲ್ಲಿ ಪಕ್ಷಪಾತ ನುಸುಳಿದರೆ ಯಂತ್ರವು ಅದನ್ನೇ ಹಗಲಿರುಳು ಚಾಚೂ ತಪ್ಪದೆ ನಡಿಸುವದು.